ಬ್ರೈಡ್ ಟು ಬಿ ಪಾರ್ಟಿಗೆ ಕಡಿಮೆ ಖರ್ಚಿನ ಅಲಂಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಗೆ ಮುಂಚೆ ಗೆಳತಿಯರೆಲ್ಲ ಸೇರಿ ಮದುಮಗಳಿಗಾಗಿ ಒಂದು ಪಾರ್ಟಿ ಮಾಡುವುದು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಮಾಮೂಲಾಗಿದೆ. ಹೊಣೆ ಬೀಳುವುದು ಸಾಮಾನ್ಯವಾಗಿ ಒಬ್ಬ ಗೆಳತಿಯ ಮೇಲೆ ಅಥವಾ ತಂಗಿಯ ಮೇಲೆ. ಅವರು ಮಾತಿನಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬೆಲೆಗಳೆಲ್ಲ ಅಂದಾಜು. ಊರು, ಸೀಸನ್ನು, ಅಂಗಡಿ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತವೆ.

## ಮೊದಲ ಸಲ ಮಾಡುವವರಿಗೆ

ನಮ್ಮನೇಲಿ ಇಂಥದ್ದು ಯಾರೂ ಮಾಡಿಲ್ಲ. ಏನೇನು ಬೇಕೇ ಬೇಕು?

ಎರಡೇ. ಫೋಟೊ ತೆಗೆಯೋಕೆ ಚೆಂದ ಮಾಡಿದ ಒಂದು ಗೋಡೆ. ಗುಂಪಿನಲ್ಲಿ ಮದುಮಗಳು ಎದ್ದು ಕಾಣುವ ಹಾಗೆ ಅವಳ ಮೈಮೇಲೆ ಒಂದು ವಸ್ತು. ಉಳಿದದ್ದೆಲ್ಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಇಡೀ ಮನೆ ಅಲಂಕರಿಸಲು ಹೊರಟಾಗಲೇ ಖರ್ಚು ಕೈಮೀರುವುದು. ಬಾಗಿಲಿಗೆ ಒಂದಿಷ್ಟು, ಸೋಫಾ ಹಿಂದೆ ಒಂದಿಷ್ಟು, ಊಟದ ಟೇಬಲ್ಲಿಗೆ ಒಂದಿಷ್ಟು ಅಂತ ಹಂಚಿದರೆ ಯಾವುದೂ ತುಂಬಿದಂತೆ ಕಾಣುವುದಿಲ್ಲ. ಅದೇ ಸಾಮಾನನ್ನು ಒಂದು ಗೋಡೆಗೆ ಹಾಕಿ ನೋಡಿ, ಮನೆಯೇ ಬೇರೆ ಥರ ಕಾಣುತ್ತದೆ. ಫೋಟೊ ಎಲ್ಲ ಅಲ್ಲೇ ತೆಗೆಯುತ್ತಾರೆ, ಕೇಕ್ ಅಲ್ಲೇ ಕತ್ತರಿಸುತ್ತಾರೆ. ಮೂಲೆ ಮೂಲೆಗೆ ಬಲೂನು ಕಟ್ಟಿದರೆ ಯಾರೂ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಅಲಂಕಾರಕ್ಕೆ ಎಷ್ಟು ದುಡ್ಡು ಎತ್ತಿಡಬೇಕು?

ಹನ್ನೆರಡು ಜನರ ಮನೆ ಪಾರ್ಟಿಗೆ 3,000 ರೂಪಾಯಿ ಸಾಕು. ಊಟ, ಕೇಕ್ ಬೇರೆ. ನಾನು ಹೇಳಿಕೊಡುವ ಲೆಕ್ಕ ಹೀಗಿರುತ್ತದೆ: ಬಲೂನು, ಕೈಪಂಪು, ಬಲೂನ್ ಟೇಪು ಎಲ್ಲ ಸೇರಿ 600. ಸ್ಯಾಶ್ (ಭುಜದಿಂದ ಸೊಂಟಕ್ಕೆ ಅಡ್ಡ ಹಾಕುವ ರಿಬ್ಬನ್ ಪಟ್ಟಿ) ಅಥವಾ ಕಿರೀಟಕ್ಕೆ 300. ಹೂವಿಗೆ 700. ಸೀರಿಯಲ್ ಲೈಟಿಗೆ 300. ಬಂದವರಿಗೆ ತಲಾ ಒಂದು ಡಜನ್ ಗಾಜಿನ ಬಳೆ, ಡಜನ್ನಿಗೆ 50ರಂತೆ 600. ಬಣ್ಣದ ಕಾಗದ, ರಿಬ್ಬನ್, ದಾರಕ್ಕೆ 200. ಕೊನೆಗೆ 300 ರೂಪಾಯಿ ಕೈಯಲ್ಲಿರಲಿ, ಏನಾದರೂ ಒಂದು ಮರೆತೇ ಮರೆತಿರುತ್ತೀರಿ.

ಇನ್ನೂ ಕಡಿಮೆ ಮಾಡಬೇಕಾ? ಮೊದಲು ಬಲೂನು ಕಡಿಮೆ ಮಾಡಿ. ಹೂವು, ಬಳೆಗೆ ಕೈ ಹಾಕಬೇಡಿ. ಬಲೂನು ಮರುದಿನ ಕಸ. ಬಳೆ ಮನೆಗೆ ಹೋಗುತ್ತದೆ, ಕೈಯಲ್ಲಿ ಉಳಿಯುತ್ತದೆ.

ದುಡ್ಡು ಯಾರು ಹಾಕಬೇಕು? ಮದುಮಗಳ ಹತ್ರಾನೂ ತಗೋಬಹುದಾ?

ಮದುಮಗಳನ್ನು ಬಿಟ್ಟು ಉಳಿದವರು ಸಮ ಹಂಚಿಕೊಳ್ಳುವುದೇ ಚೆಂದ. ಮದುವೆ ಖರ್ಚಿನ ನಡುವೆ ಅವಳಿಂದ ಕೇಳುವುದು ಸರಿ ಅನ್ನಿಸುವುದಿಲ್ಲ. ಆದರೆ ಒಂದು ಮಾತು: ತಲೆಗೆ ಎಷ್ಟು ಅಂತ ಮೊದಲೇ ಹೇಳಿ, ದುಡ್ಡು ಕೈಗೆ ಬಂದ ಮೇಲೇ ಸಾಮಾನು ತನ್ನಿ. ‘ಆಮೇಲೆ ನೋಡೋಣ’ ಅಂದರೆ ಒಬ್ಬಳ ಕೈಯಿಂದಲೇ ಹೋಗುತ್ತದೆ. ಗುಂಪಿನಲ್ಲಿ ಇನ್ನೂ ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು ಇದ್ದರೆ ಅವರಿಗೆ ದುಡ್ಡಿನ ಬದಲು ಕೆಲಸ ಕೊಡಿ. ಹೂ ಕಟ್ಟುವುದು, ಕಾಗದ ಕತ್ತರಿಸುವುದು, ಬಲೂನು ಊದುವುದು, ಕೆಲಸಕ್ಕೇನು ಬರವಿಲ್ಲ. ಎಲ್ಲರೆದುರು ಹೇಳಬೇಡಿ, ಪ್ರತ್ಯೇಕವಾಗಿ ಮಾತಾಡಿ.

ಅವಳಿಗೆ ಹೇಳದೆ ಸರ್ಪ್ರೈಸ್ ಮಾಡಬಹುದಾ?

ಮಾಡಬಹುದು. ಆದರೆ ದಿನ ಗೊತ್ತು ಮಾಡುವಾಗ ಅವಳ ಅಮ್ಮನನ್ನೋ ಅಕ್ಕನನ್ನೋ ಕೇಳಿಕೊಳ್ಳಿ. ಮದುವೆಗೆ ಮುಂಚಿನ ಒಂದು ವಾರದಲ್ಲಿ ಅರಿಶಿನ, ಬಳೆ ಶಾಸ್ತ್ರ, ಚಪ್ಪರ ಅಂತ ಅವಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಎರಡು ಮೂರು ವಾರ ಮುಂಚೆ ಮಾಡಿದರೆ ಅವಳೂ ನಿರಾಳವಾಗಿರುತ್ತಾಳೆ.

## ಸಾಮಾನು ತರುವಾಗ

ಆನ್‌ಲೈನಲ್ಲಿ ಸಿಗೋ ಕಿಟ್ ತಗೊಳ್ಳೋದಾ, ಇಲ್ಲ ಚಿಕ್ಕಪೇಟೆಗೇ ಹೋಗೋದಾ?

ಹತ್ತು ಜನದೊಳಗಿನ ಪಾರ್ಟಿ, ಟೈಮ್ ಇಲ್ಲ ಅಂದರೆ ಕಿಟ್ ಸಾಕು. ‘ಬ್ರೈಡ್ ಟು ಬಿ’ ಅಂತ ಬರೆದ ಬ್ಯಾನರು, ಒಂದು ಸ್ಯಾಶ್, ಫಾಯಿಲ್ ಪರದೆ (ಹೊಳೆಯುವ ಹಾಳೆಯ ಎಳೆಗಳ ಪರದೆ), ಒಂದಿಷ್ಟು ಬಲೂನು ಸೇರಿ 300ರಿಂದ 700 ರೂಪಾಯಿಗೆ ಸಿಗುತ್ತದೆ. ತರಿಸುವ ಮುಂಚೆ ಎರಡು ನೋಡಿ. ಫೋಟೊದಲ್ಲಿ ಕಾಣುವ ಬಲೂನಿನ ರಾಶಿ ಮತ್ತು ಕೆಳಗೆ ಬರೆದಿರುವ ಸಂಖ್ಯೆ ಒಂದೇನಾ ಅಂತ ಲೆಕ್ಕ ಹಾಕಿ. ಬ್ಯಾನರಿನ ಅಕ್ಷರ ಎಷ್ಟು ಇಂಚು ಅಂತ ಓದಿ. ಪುಟ್ಟ ಅಕ್ಷರವಾದರೆ ಗುಂಪಿನ ಫೋಟೊದಲ್ಲಿ ಓದಲಿಕ್ಕೇ ಬರುವುದಿಲ್ಲ.

ಜನ ಜಾಸ್ತಿ ಇದ್ದರೆ, ಅಥವಾ ಬಣ್ಣ ನಿಮಗೆ ಬೇಕಾದ ಹಾಗೇ ಇರಬೇಕು ಅಂದರೆ ಪೇಟೆಗೆ ಹೋಗಿ. ಬೆಂಗಳೂರಿನಲ್ಲಿ ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಯಲ್ಲಿ ಇಳಿದರೆ ಎಲ್ಲವೂ ನಡೆದುಹೋಗುವಷ್ಟು ಹತ್ತಿರ. ಬಲೂನು, ಫ್ಯಾನ್ಸಿ ಸಾಮಾನಿಗೆ ಮಾಮೂಲ್‌ಪೇಟೆ. ಬಣ್ಣದ ಕಾಗದಕ್ಕೆ ಸುಲ್ತಾನ್‌ಪೇಟೆ. ಮಣಿ, ಮುತ್ತು, ಕಿವಿಯೋಲೆ ಮಾಡುವ ಸಾಮಾನಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್. ಮುಂದಿನ ನಿಲ್ದಾಣವೇ ಕೃಷ್ಣರಾಜೇಂದ್ರ (ಕೆ.ಆರ್.) ಮಾರುಕಟ್ಟೆ, ಅಲ್ಲಿ ಹೂವು. ಭಾನುವಾರ ಮಾತ್ರ ಹೋಗಬೇಡಿ, ಸಗಟು ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ವಾರದ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತಿರುತ್ತದೆ. ಸಗಟಿನವರು ಬಿಡಿಯಾಗಿ ಕೊಡದೆ ಪ್ಯಾಕೆಟ್ಟೇ ತಗೊಳ್ಳಿ ಅನ್ನಬಹುದು. ಆಗ ಬೇರೆ ಗೆಳತಿಯ ಮದುವೆಯೂ ಹತ್ತಿರದಲ್ಲಿದೆಯಾ ನೋಡಿ, ಇಬ್ಬರೂ ಹಂಚಿಕೊಳ್ಳಬಹುದು.

ಮೈಸೂರಿನವರಿಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಬಳೆ ಒಂದೇ ಸುತ್ತಿಗೆ ಮುಗಿಯುತ್ತವೆ. ಹುಬ್ಬಳ್ಳಿಯಲ್ಲಿ ದುರ್ಗದಬೈಲು, ಮಂಗಳೂರಿನಲ್ಲಿ ರಥಬೀದಿ ಕಡೆ ಹೋಗಿ.

ಸ್ಯಾಶ್, ಕಿರೀಟ, ವೇಲ್ (ತಲೆಯಿಂದ ಇಳಿಬಿಡುವ ತೆಳು ಬಟ್ಟೆ), ಬ್ಯಾಡ್ಜು, ಕನ್ನಡಕ... ಯಾವುದು ತಗೋಬೇಕು, ಯಾವುದು ಬಿಡಬೇಕು?

ಮದುಮಗಳಿಗೆ ಸ್ಯಾಶ್ ಅಥವಾ ಕಿರೀಟ, ಎರಡರಲ್ಲಿ ಒಂದು ಚೆನ್ನಾಗಿರುವುದನ್ನು ತನ್ನಿ. ಕಿರೀಟ ತರುವುದಾದರೆ ಒಳಭಾಗದಲ್ಲಿ ಬಾಚಣಿಗೆ ಹಲ್ಲು ಇರುವುದನ್ನು ಆರಿಸಿ. ಬರೀ ಹೇರ್‌ಬ್ಯಾಂಡ್ ಥರದ್ದು ಕಿವಿಯ ಹಿಂದೆ ಒತ್ತಿ, ಒಂದು ಗಂಟೆಯಲ್ಲಿ ತಲೆನೋವು ತರುತ್ತದೆ. ಅವಳು ಸೀರೆ ಅಥವಾ ಲಂಗ ದಾವಣಿ ಉಡುವುದಾದರೆ ಸ್ಯಾಶ್ ಸೆರಗಿನ ಮೇಲೆ ಕೂರುವುದಿಲ್ಲ, ಜಾರುತ್ತಲೇ ಇರುತ್ತದೆ. ಆಗ ಕಿರೀಟ ಅಥವಾ ಹೂವಿನ ದಂಡೆಯೇ ಒಳ್ಳೆಯದು.

ಬಂದವರಿಗೆ ಒಂದೇ ಥರದ ಚಿಕ್ಕ ವಸ್ತು ಸಾಕು. ಎಲ್ಲರ ಮಣಿಕಟ್ಟಿಗೂ ಒಂದೇ ಬಣ್ಣದ ರಿಬ್ಬನ್ ಕಟ್ಟಿದರೂ ಫೋಟೊದಲ್ಲಿ ಎದ್ದು ಕಾಣುತ್ತದೆ, ಖರ್ಚು ಇಪ್ಪತ್ತು ಮೂವತ್ತು ರೂಪಾಯಿ. ಪ್ಲಾಸ್ಟಿಕ್ ಕನ್ನಡಕ, ಕಾಗದದ ಮೀಸೆ, ಕಡ್ಡಿಗೆ ಅಂಟಿಸಿದ ಬೋರ್ಡುಗಳನ್ನು ಬಿಟ್ಟುಬಿಡಿ. ಹತ್ತು ನಿಮಿಷ ಹಿಡಿದುಕೊಳ್ಳುತ್ತಾರೆ, ಆಮೇಲೆ ಸೋಫಾ ಕೆಳಗೆ ಸಿಗುತ್ತವೆ.

ಸ್ಯಾಶ್ ಮೇಲೆ ಕನ್ನಡದಲ್ಲಿ ಬರೆಸಬೇಕು. ಯಾರು ಮಾಡಿಕೊಡ್ತಾರೆ?

ಟೀ ಶರ್ಟು, ಮಗ್ಗು ಪ್ರಿಂಟ್ ಮಾಡುವವರು ಹೆಚ್ಚಿನವರು ಸ್ಯಾಟಿನ್ ಬಟ್ಟೆ ಮೇಲೂ ಪ್ರಿಂಟ್ ಮಾಡಿಕೊಡುತ್ತಾರೆ. ತೊಂದರೆ ಬರುವುದು ಅಕ್ಷರದಲ್ಲಿ. ನೀವು ವಾಟ್ಸ್‌ಆ್ಯಪಿನಲ್ಲಿ ಟೈಪ್ ಮಾಡಿ ಕಳಿಸಿದ ಕನ್ನಡ ಅವರ ಹಳೆಯ ಸಾಫ್ಟ್‌ವೇರಿನಲ್ಲಿ ತೆರೆದಾಗ ಒತ್ತಕ್ಷರ ಬೇರೆಯಾಗಿ ನಿಲ್ಲಬಹುದು, ‘ನಮ್ಮ’ ಅನ್ನುವುದು ‘ನಮ್‌ಮ’ ಆಗಬಹುದು. ಅವರಿಗೆ ಕನ್ನಡ ಓದಲು ಬರದಿದ್ದರೆ ಹಾಗೇ ಪ್ರಿಂಟೂ ಆಗುತ್ತದೆ. ಅದಕ್ಕೇ ಅಕ್ಷರವನ್ನು ಟೈಪ್ ಮಾಡಿ ಕಳಿಸಬೇಡಿ. ಫೋನಿನಲ್ಲೇ ಡಿಸೈನ್ ಮಾಡಿ, ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಕಳಿಸಿ. ಪ್ರಿಂಟಿಗೆ ಮುಂಚೆ ಸ್ಕ್ರೀನಿನ ಫೋಟೊ ತರಿಸಿಕೊಂಡು ಒಂದೊಂದೇ ಅಕ್ಷರ ನೋಡಿ.

ಮನೆಯಲ್ಲೇ ಮಾಡುವುದು ಇನ್ನೂ ಸುಲಭ. ನಾಲ್ಕು ಇಂಚು ಅಗಲದ ಸ್ಯಾಟಿನ್ ರಿಬ್ಬನ್ ಎರಡು ಮೀಟರ್ ತನ್ನಿ. ಪೆನ್ಸಿಲಿನಲ್ಲಿ ತೆಳ್ಳಗೆ ಬರೆದುಕೊಂಡು, ಬಟ್ಟೆಗೆ ಹಾಕುವ ಬಂಗಾರದ ಬಣ್ಣದ ಲೈನರಿನಲ್ಲಿ ತೀಡಿ. ಅಡಿಯಲ್ಲಿ ಹಳೆಯ ಪೇಪರ್ ಹಾಸಿ, ಇಡೀ ರಾತ್ರಿ ಒಣಗಲು ಬಿಡಿ. ಭುಜದಿಂದ ಸೊಂಟಕ್ಕೆ ಇಳಿಬಿಟ್ಟು ಸೊಂಟದ ಹತ್ತಿರ ಸೇಫ್ಟಿ ಪಿನ್ ಹಾಕಿದರೆ ಮುಗಿಯಿತು. ‘ಮದುಮಗಳು’ ಅಂತಲೇ ಬರೆಯಬೇಕೆಂದಿಲ್ಲ. ನೀವು ಅವಳನ್ನು ಕರೆಯುವ ಅಡ್ಡಹೆಸರು ಬರೆಯಿರಿ. ಅವಳು ಅದನ್ನು ಬೀರುವಿನಲ್ಲಿ ಎತ್ತಿಡುತ್ತಾಳೆ.

ಬಂದವರಿಗೆಲ್ಲ ಏನಾದ್ರೂ ಕೊಡಬೇಕು. ತಲೆಗೆ 50 ರೂಪಾಯಿಗಿಂತ ಹೆಚ್ಚಾಗಬಾರದು.

ಗಾಜಿನ ಬಳೆ ಕೊಡಿ. ನಮ್ಮ ಕಡೆ ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ ಬಳೆ ತೊಡುವ ಶಾಸ್ತ್ರ ಇದ್ದೇ ಇದೆ. ಆ ಸಂಭ್ರಮವನ್ನು ಪಾರ್ಟಿಗೂ ತಂದರೆ ಒಳ್ಳೆಯ ಆಟವೂ ಆಗುತ್ತದೆ, ಉಡುಗೊರೆಯೂ ಆಗುತ್ತದೆ. ಒಂದು ಹಿತ್ತಾಳೆ ತಟ್ಟೆಯಲ್ಲಿ ಬಣ್ಣ ಬಣ್ಣದ ಬಳೆ ಜೋಡಿಸಿಡಿ. ಮೊದಲು ಮದುಮಗಳು ಆರಿಸಲಿ, ಆಮೇಲೆ ಒಬ್ಬೊಬ್ಬರಾಗಿ.

ಅಳತೆ ಮುಖ್ಯ. ಬಳೆ 2.2, 2.4, 2.6, 2.8 ಅಂತ ಬರುತ್ತವೆ. ದೊಡ್ಡವರಿಗೆ ಹೆಚ್ಚಾಗಿ 2.4 ಮತ್ತು 2.6 ಹಿಡಿಸುತ್ತವೆ. ಹನ್ನೆರಡು ಜನಕ್ಕೆ 2.4 ಐದು ಡಜನ್, 2.6 ಐದು ಡಜನ್, ಉಳಿದೆರಡು ಅಳತೆ ಒಂದೊಂದು ಡಜನ್ ತಂದರೆ ಸಾಮಾನ್ಯವಾಗಿ ಎಲ್ಲರಿಗೂ ಆಗುತ್ತದೆ. ಕಾರಿನಲ್ಲಿ ತರುವಾಗ ಕಟ್ಟನ್ನು ಪೇಪರಿನಲ್ಲಿ ಸುತ್ತಿ, ಟವೆಲ್ ನಡುವೆ ಇಡಿ.

ಗಾಜು ಬೇಡ ಅನ್ನುವವರಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಳೆ ಇವೆ. ಒಂದೊಂದೇ ಕೊಂಡರೂ ಬೆಲೆ ಗಾಜಿನ ಬಳೆಗಿಂತ ಜಾಸ್ತಿ, ಆದರೆ ಒಂದು ಬಳೆಯೇ ಸಾಕು, ವರ್ಷಗಟ್ಟಲೆ ಬರುತ್ತದೆ.

## ಅಲಂಕಾರ ಮಾಡುವಾಗ

ಬಾಡಿಗೆ ಮನೆ. ಗೋಡೆಗೆ ಟೇಪ್ ಹಚ್ಚಿದ್ರೆ ಬಣ್ಣ ಕಿತ್ತು ಬರುತ್ತೆ, ಓನರ್ ಬಿಡಲ್ಲ. ಏನು ಮಾಡೋದು?

ಗೋಡೆ ಮುಟ್ಟಲೇಬೇಡಿ. ಪರದೆ ಕಂಬಿ ಬಳಸಿ, ಸೀರೆ ಬಳಸಿ. ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಚೆಂದದ ಹಿನ್ನೆಲೆ ನನಗೆ ಗೊತ್ತಿಲ್ಲ.

ಒಂದು ಸೀರೆ ಸುಮಾರು ಐದೂವರೆ ಮೀಟರ್ ಉದ್ದ. ಅದನ್ನು ಕಂಬಿಯ ಮೇಲೆ ಮಧ್ಯಕ್ಕೆ ಹಾಕಿದರೆ ಎರಡೂ ಕಡೆ ಒಂಬತ್ತು ಅಡಿ ಇಳಿಯುತ್ತದೆ. ಮಾಮೂಲಿ ಮನೆಯ ಪರದೆ ಕಂಬಿ ಏಳೆಂಟು ಅಡಿ ಎತ್ತರದಲ್ಲಿರುತ್ತದೆ, ಹಾಗಾಗಿ ನೆಲಕ್ಕೆ ಮುಟ್ಟಿ ಇನ್ನೂ ಸ್ವಲ್ಪ ಮಡಿಸುವಷ್ಟು ಉಳಿಯುತ್ತದೆ. ಅಗಲ ಒಂದು ಸೀರೆಗೆ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. ಎರಡು ಸೀರೆ ಪಕ್ಕಪಕ್ಕ ಹಾಕಿದರೆ ಮೂರು ಜನ ಆರಾಮಾಗಿ ನಿಲ್ಲುವಷ್ಟು ಗೋಡೆ ಮುಚ್ಚುತ್ತದೆ. ನೆರಿಗೆ ಹಿಡಿದು ಹಾಕುವುದಾದರೆ ಮೂರು ಸೀರೆ ಬೇಕು.

ಯಾವ ಸೀರೆ? ತೆಳ್ಳಗಿನ ಜಾರ್ಜೆಟ್, ಶಿಫಾನ್, ಇಲ್ಲವೇ ಹಳೆಯ ಸಿಂಥೆಟಿಕ್ ಸೀರೆ. ಒಂದೇ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಅಮ್ಮನ ರೇಷ್ಮೆ ಸೀರೆ ತರಬೇಡಿ, ಜರಿಗೆ ಪಿನ್ನು, ಟೇಪು ತಾಗಿದರೆ ಎಳೆ ಕಿತ್ತು ಹೋಗುತ್ತದೆ. ಕಂಬಿಗೆ ಸಿಕ್ಕಿಸಲು ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ಹಿಂದೆ ಸೀರಿಯಲ್ ಲೈಟ್ ಇಳಿಬಿಟ್ಟು, ಮುಂದೆ ಒಂದೆರಡು ಎಳೆ ಚೆಂಡು ಹೂವಿನ ಸರ ಹಾಕಿ. ಬ್ಯಾನರನ್ನು ದಾರಕ್ಕೆ ಪೋಣಿಸಿ ಅದೇ ಕಂಬಿಗೆ ಕಟ್ಟಿ.

ಕಂಬಿ ಇಲ್ಲದ ಗೋಡೆಯೇ ಬೇಕು ಅಂದರೆ ಎರಡು ಎತ್ತರದ ಸ್ಟ್ಯಾಂಡಿಗೆ ಒಂದು ಪಿವಿಸಿ ಪೈಪು ಅಡ್ಡ ಕಟ್ಟಬಹುದು. ಬಟ್ಟೆ ಒಣಗಿಸುವ ಸ್ಟ್ಯಾಂಡೂ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ, ಕೂತು ತೆಗೆಸಿಕೊಳ್ಳುವ ಫೋಟೊಕ್ಕೆ ಅಷ್ಟು ಎತ್ತರ ಸಾಕು.

ಬಲೂನ್ ಆರ್ಚ್ ಮನೇಲೇ ಮಾಡೋಕೆ ಆಗುತ್ತಾ? ಯೂಟ್ಯೂಬ್ ನೋಡಿ ಮಾಡಿದ್ರೂ ಅಂಕುಡೊಂಕು ಬರುತ್ತೆ.

ಖಂಡಿತ ಆಗುತ್ತದೆ. ಅಂಕುಡೊಂಕಾಗಲು ಮುಖ್ಯ ಕಾರಣ ಬಲೂನಿನ ಅಳತೆ. ಒಬ್ಬೊಬ್ಬರು ಒಂದೊಂದು ಗಾತ್ರಕ್ಕೆ ಊದಿರುತ್ತಾರೆ. ಒಂದು ರಟ್ಟಿನ ಡಬ್ಬ ತಗೊಳ್ಳಿ. ಅದರಲ್ಲಿ ಎಂಟು ಇಂಚಿನ ಒಂದು ತೂತು, ಐದು ಇಂಚಿನ ಇನ್ನೊಂದು ತೂತು ಕತ್ತರಿಸಿ. ಪ್ರತಿ ಬಲೂನನ್ನೂ ಊದಿ ಆ ತೂತಿನಲ್ಲಿ ತೂರಿಸಿ ನೋಡಿ. ಸಿಕ್ಕಿಹಾಕಿಕೊಂಡರೆ ಸ್ವಲ್ಪ ಗಾಳಿ ಬಿಡಿ, ಸಡಿಲವಾದರೆ ಇನ್ನಷ್ಟು ಊದಿ. ಪೂರ್ತಿ ಊದಬೇಡಿ. ಬಲೂನು ದುಂಡಗಿದ್ದರೆ ಸರಿ, ಪೇರಲೆಯ ಆಕಾರ ಬಂದರೆ ಗಾಳಿ ಜಾಸ್ತಿ ಆಯಿತು ಅಂತ ಅರ್ಥ, ಅದು ಒಡೆಯುವುದೂ ಬೇಗ.

ಆಮೇಲೆ ಎರಡೆರಡು ಬಲೂನಿನ ಬಾಲ ಸೇರಿಸಿ ಗಂಟು ಹಾಕಿ. ಅಂಥ ಎರಡು ಜೋಡಿಯನ್ನು ಒಂದಕ್ಕೊಂದು ತಿರುಚಿದರೆ ನಾಲ್ಕರ ಗೊಂಚಲು. ಈ ಗೊಂಚಲುಗಳನ್ನು ಗಟ್ಟಿ ನೈಲಾನ್ ದಾರಕ್ಕೆ ಒತ್ತೊತ್ತಾಗಿ ಸುತ್ತುತ್ತಾ ಹೋಗಿ. ಕೊನೆಗೆ ಐದು ಇಂಚಿನ ಪುಟ್ಟ ಬಲೂನುಗಳನ್ನು ಸಂದಿಯಲ್ಲಿ ಅಂಟಿಸಿ. ತೂತು ತೂತಾಗಿರುವ ಬಲೂನ್ ಟೇಪಿದ್ದರೆ ಗಂಟು ಹಾಕುವ ಕೆಲಸವೇ ಇಲ್ಲ, ಬಾಲವನ್ನು ತೂತಿಗೆ ಎಳೆದರೆ ಆಯಿತು.

ಆರೇಳು ಅಡಿಯ ಅರ್ಧ ಕಮಾನಿಗೆ ಎಪ್ಪತ್ತು ಎಂಬತ್ತು ಬಲೂನು ಬೇಕು. ಒಡೆಯುವುದಕ್ಕೂ ಸೇರಿಸಿ ನೂರರ ಪ್ಯಾಕೆಟ್ ತನ್ನಿ. ಬಾಯಲ್ಲಿ ಊದುವ ಸಾಹಸ ಬೇಡ, ಕೈಪಂಪು ಎರಡಿರಲಿ. ಮೂರು ಬಣ್ಣಕ್ಕಿಂತ ಜಾಸ್ತಿ ಬೇಡ. ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಬಹುದು, ಆದರೆ ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ. ಬಿಸಿಲಿಗೆ ರಬ್ಬರ್ ಬಲೂನಿನ ಹೊಳಪು ಹೋಗಿ ಮಂಕಾಗುತ್ತದೆ. ಸೀಲಿಂಗ್ ಫ್ಯಾನ್ ಆರಿಸಿಡುವುದನ್ನು ಮರೆಯಬೇಡಿ.

ಮೇಲೆ ತೇಲೋ ಬಲೂನ್ ಬೇಕು ಅಂತ ಹಟ ಮಾಡ್ತಿದ್ದಾರೆ. ಹೀಲಿಯಂ ಎಷ್ಟಾಗುತ್ತೆ?

ಕಡಿಮೆ ಬಜೆಟ್ಟಿಗೆ ಅದು ಹೊಂದುವುದಿಲ್ಲ. ಹೀಲಿಯಂ ನಮ್ಮ ದೇಶಕ್ಕೆ ಬಹುತೇಕ ಹೊರಗಿನಿಂದಲೇ ಬರಬೇಕು, ಅದಕ್ಕೇ ದುಬಾರಿ. ಅಷ್ಟು ಕೊಟ್ಟರೂ ಮಾಮೂಲಿ ರಬ್ಬರ್ ಬಲೂನು ಅರ್ಧ ದಿನ, ಹೆಚ್ಚೆಂದರೆ ಒಂದು ದಿನ ತೇಲುತ್ತದೆ.

ಅಗ್ಗಕ್ಕೆ ತುಂಬಿಕೊಡುತ್ತೇವೆ ಅನ್ನುವವರು ಸಿಕ್ಕರೆ ಇನ್ನೂ ಎಚ್ಚರವಿರಲಿ. ಅದು ಹೈಡ್ರೋಜನ್ ಇರಬಹುದು. ಹೈಡ್ರೋಜನ್ ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ರೂಮು, ಕೇಕಿನ ಮೇಲೆ ಮೇಣದಬತ್ತಿ, ಸುತ್ತ ನಿಂತ ಹುಡುಗಿಯರು. ಇದು ಬೇಡವೇ ಬೇಡ. ತೇಲುವ ಹಾಗೆ ಕಾಣಬೇಕು ಅಷ್ಟೇ ತಾನೆ? ಮಾಮೂಲಿ ಬಲೂನಿಗೆ ದಾರ ಕಟ್ಟಿ ಮೇಲಿನ ಕಂಬಿಯಿಂದ ಉದ್ದಗಿಡ್ಡವಾಗಿ ಇಳಿಬಿಡಿ. ಫೋಟೊದಲ್ಲಿ ಅಷ್ಟೇ ಚೆಂದ ಬರುತ್ತದೆ.

ನಿಜವಾದ ಹೂವು ಬಳಸಿದ್ರೆ ದುಬಾರಿ ಆಗಲ್ವಾ? ಪ್ಲಾಸ್ಟಿಕ್ ಹೂವೇ ಸಾಕಲ್ವಾ?

ದುಬಾರಿ ಆಗುವುದು ಯಾವ ದಿನ ಕೊಳ್ಳುತ್ತೀರಿ ಅನ್ನುವುದರ ಮೇಲೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ ಹಿಂದು ಮುಂದಿನ ದಿನಗಳಲ್ಲಿ ಹೂವಿನ ಬೆಲೆ ಏರುತ್ತದೆ. ಆ ವಾರ ಬಿಟ್ಟು ಪಾರ್ಟಿ ಇಟ್ಟುಕೊಂಡರೆ 700 ರೂಪಾಯಿಗೆ ಒಂದು ಗೋಡೆ ತುಂಬುತ್ತದೆ. ಆಷಾಢದಲ್ಲಿ ಮದುವೆಗಳೇ ಇಲ್ಲದ್ದರಿಂದ ಹೂವು ಅಗ್ಗ. ಶ್ರಾವಣದಲ್ಲಿ ಮದುವೆ ಇರುವವರು ಆಷಾಢದಲ್ಲೇ ಪಾರ್ಟಿ ಮುಗಿಸುವುದು ಜಾಣತನ.

ಗೋಡೆಗೆ ಚೆಂಡು ಹೂವು, ಸೇವಂತಿಗೆ ತನ್ನಿ. ನೀರಿಲ್ಲದೆಯೂ ಒಂದು ದಿನ ಗಟ್ಟಿಯಾಗಿ ನಿಲ್ಲುತ್ತವೆ. ಮಾರುಕಟ್ಟೆಯಿಂದ ಬಿಡಿ ಹೂವನ್ನು ಕೆಜಿ ಲೆಕ್ಕದಲ್ಲಿ ತಂದು ಮನೆಯಲ್ಲೇ ಪೋಣಿಸಿದರೆ ಕಟ್ಟಿದ ಮಾಲೆಗಿಂತ ಎಷ್ಟೋ ಕಡಿಮೆ. ನಾಲ್ಕು ಜನ ಕೂತರೆ ಹರಟೆ ಹೊಡೆಯುತ್ತಲೇ ಕೆಲಸ ಮುಗಿಯುತ್ತದೆ. ಬಿಡಿ ಗುಲಾಬಿ ದಳ ಬೇಗ ಬಾಡುತ್ತದೆ, ಅದನ್ನು ಕೊನೇ ಗಳಿಗೆಯಲ್ಲಿ ಮಾತ್ರ ಹರಡಿ.

ಮುಡಿಯಲು ಮಲ್ಲಿಗೆ ಬೇಕೇ ಬೇಕು. ಮೊಗ್ಗಾಗಿರುವುದನ್ನೇ ತಂದು, ಬಾಳೆ ಎಲೆಯಲ್ಲಿ ಅಥವಾ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಪಾರ್ಟಿಗೆ ಒಂದೆರಡು ಗಂಟೆ ಮುಂಚೆ ಹೊರಗೆ ತೆಗೆದರೆ ಸರಿಯಾದ ಹೊತ್ತಿಗೆ ಅರಳಿ ಘಮ್ಮೆನ್ನುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮೊಳ, ಮಾರಿನ ಲೆಕ್ಕ. ಉಡುಪಿ ಕಡೆ ಶಂಕರಪುರ ಮಲ್ಲಿಗೆಗೆ ಚೆಂಡು, ಅಟ್ಟೆಯ ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹನ್ನೆರಡು ಜನ ಮುಡಿಯಲು ತಲೆಗೊಂದು ಮೊಳದಂತೆ ಮೂರು ಮಾರು ಸಾಕು.

ಪ್ಲಾಸ್ಟಿಕ್ ಹೂವು ಬೇಡ ಅಂತ ನಾನು ಹೇಳುವುದಿಲ್ಲ. ಮುಂದೆ ಅರಿಶಿನಕ್ಕೂ, ನಾಮಕರಣಕ್ಕೂ ಬಳಸುವುದಾದರೆ ಒಂದು ಸೆಟ್ ಇಟ್ಟುಕೊಳ್ಳಿ. ಒಂದೇ ಸಂಜೆಗಾದರೆ ನಿಜವಾದ ಹೂವೇ ಅಗ್ಗ. ಅದರ ಪರಿಮಳ ಹೇಗೂ ಪ್ಲಾಸ್ಟಿಕ್ಕಿಗೆ ಬರುವುದಿಲ್ಲ.

ಫಾಯಿಲ್ ಪರದೆ ಹಾಕಿದ್ವಿ, ಫೋಟೊ ಎಲ್ಲ ಬೆಳ್ಳಗೆ ಬಂತು. ಯಾಕೆ?

ಫ್ಲಾಶ್ ಹಾಕಿರುತ್ತೀರಿ. ಹೊಳೆಯುವ ಹಾಳೆ ಬೆಳಕನ್ನು ಹಾಗೇ ಕ್ಯಾಮೆರಾಗೆ ವಾಪಸ್ ಎಸೆಯುತ್ತದೆ. ಫ್ಲಾಶ್ ಆರಿಸಿ, ಮದುಮಗಳ ಮುಖ ಕಿಟಕಿ ಕಡೆ ಇರುವಂತೆ ಗೋಡೆ ಆರಿಸಿಕೊಳ್ಳಿ. ಸಂಜೆ ನಾಲ್ಕರಿಂದ ಐದೂವರೆ ಒಳಗೆ ಮುಖ್ಯ ಫೋಟೊ ಮುಗಿಸಿ. ಕತ್ತಲಾದ ಮೇಲಾದರೆ ಟ್ಯೂಬ್‌ಲೈಟಿಗಿಂತ ಹಳದಿ ಬೆಳಕಿನ ಸೀರಿಯಲ್ ಲೈಟು, ಒಂದು ಟೇಬಲ್ ಲ್ಯಾಂಪು ಮುಖಕ್ಕೆ ಒಪ್ಪುತ್ತದೆ.

## ಇನ್ನೂ ಸ್ವಲ್ಪ ಮುಂದಕ್ಕೆ

ಅಮ್ಮ, ಅತ್ತೆ, ಅಜ್ಜಿ ಎಲ್ಲ ಇರ್ತಾರೆ. ಮುಜುಗರ ಆಗದ ಹಾಗೆ ಹೇಗೆ ಮಾಡೋದು?

ಕಿಟ್ಟಿನ ಜೊತೆ ಬರುವ ತುಂಟ ಸಾಮಾನುಗಳನ್ನು ತೆಗೆದಿಡಿ, ಸಾಕು. ಆಮೇಲೆ ಹಿರಿಯರಿಗೂ ಅಲಂಕಾರದಲ್ಲಿ ಒಂದು ಜಾಗ ಕೊಡಿ. ಅಮ್ಮನ ಮದುವೆ ಫೋಟೊ, ಅಜ್ಜಿಯ ಮದುವೆ ಫೋಟೊ ಇದ್ದರೆ ಕೇಳಿ ಪಡೆದು ಪ್ರಿಂಟ್ ಹಾಕಿಸಿ, ಮದುಮಗಳ ಬಾಲ್ಯದ ಫೋಟೊಗಳ ಜೊತೆ ದಾರಕ್ಕೆ ಕ್ಲಿಪ್ ಮಾಡಿ. ಪ್ರಿಂಟಿಗೆ ಆಗುವ ಖರ್ಚು ಅತಿ ಸ್ವಲ್ಪ. ಎಲ್ಲರೂ ಬಲೂನ್ ಬಿಟ್ಟು ಅಲ್ಲೇ ನಿಲ್ಲುತ್ತಾರೆ. ಅಜ್ಜಿ ಆ ಕಾಲದ ಚಪ್ಪರದ ಮಾತು ತೆಗೆದರೆ ನಿಮ್ಮ ಅರ್ಧ ಕಾರ್ಯಕ್ರಮ ತಾನಾಗೇ ನಡೆಯುತ್ತದೆ.

ಯಾವ ಪ್ಲಾಸ್ಟಿಕ್ ಸಾಮಾನು ಬ್ಯಾನ್ ಆಗಿದೆ? ತಗೊಂಡ್ರೆ ತೊಂದರೆನಾ?

2022ರ ಜುಲೈ 1ರಿಂದ ದೇಶದಾದ್ಯಂತ ಒಂದೇ ಸಲ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಇದೆ. ಪಾರ್ಟಿಗೆ ಸಂಬಂಧಪಟ್ಟವುಗಳಲ್ಲಿ ಮುಖ್ಯವಾದವು ಇವು: ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರು. ಕರ್ನಾಟಕದಲ್ಲಿ 2016ರಿಂದಲೇ ಫ್ಲೆಕ್ಸ್, ಪ್ಲಾಸ್ಟಿಕ್ ತೋರಣ, ತಟ್ಟೆ ಲೋಟಗಳ ಮೇಲೆ ನಿಷೇಧ ಇದೆ. ಅಂಗಡಿಯಲ್ಲಿ ಸಿಕ್ಕರೂ ಬಿಟ್ಟುಬಿಡಿ. ಬ್ಯಾನರ್ ಕಾಗದದ್ದೋ ಬಟ್ಟೆಯದ್ದೋ ಇರಲಿ. ಊಟಕ್ಕೆ ಬಾಳೆ ಎಲೆ ಅಥವಾ ಮಲೆನಾಡಿನ ಅಡಿಕೆ ಹಾಳೆ ತಟ್ಟೆ ಇಟ್ಟರೆ ಟೇಬಲ್ಲಿಗೆ ಬೇರೆ ಅಲಂಕಾರವೇ ಬೇಕಾಗುವುದಿಲ್ಲ.

ಸ್ನೋ ಸ್ಪ್ರೇ, ಪಾರ್ಟಿ ಪಾಪರ್ ಇಲ್ದೆ ಮಜಾನೇ ಇಲ್ಲ ಅಂತಾರೆ. ತರೋದಾ?

ಸ್ನೋ ಸ್ಪ್ರೇ ತರಬೇಡಿ. ಆ ಡಬ್ಬದೊಳಗೆ ನೊರೆಯನ್ನು ಹೊರಗೆ ತಳ್ಳುವುದು ಹೆಚ್ಚಾಗಿ ಬ್ಯೂಟೇನ್, ಪ್ರೊಪೇನ್ ಥರದ ಅನಿಲ. ನಮ್ಮ ಅಡುಗೆ ಗ್ಯಾಸಿನಲ್ಲಿರುವುದೂ ಅದೇ. ಕೇಕಿನ ಮೇಲೆ ಮೇಣದಬತ್ತಿ ಉರಿಯುವಾಗ ಅದನ್ನು ಹೊಡೆದರೆ ಕೂದಲಿಗೆ, ದುಪಟ್ಟಾಗೆ ಬೆಂಕಿ ಹತ್ತಬಹುದು. ಮದುವೆಗೆ ಎರಡು ವಾರ ಇರುವ ಹುಡುಗಿಯ ಮುಖದ ಹತ್ತಿರ ಅದು ಬೇಕಾ? ಕೇಕ್ ಹತ್ತಿರ ಫಾಯಿಲ್ ಪರದೆ, ಸೀರೆ ತಾಗದಂತೆ ನಾಲ್ಕು ಅಡಿ ಜಾಗ ಬಿಡಿ. ಏನಾದರೂ ಎರಚಲೇಬೇಕು ಅಂದರೆ ಪಾಪರ್ ಬದಲು ಹೂವಿನ ದಳ ಎರಚಿ, ಗುಡಿಸುವುದೂ ಸುಲಭ.

ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ಮಾಡ್ತಿದ್ದೀವಿ. ಏನೇನು ಹೊತ್ತುಕೊಂಡು ಹೋಗಬೇಕು?

ಮಡಿಸಿದರೆ ಚಪ್ಪಟೆ ಆಗುವಂಥದ್ದು ಮಾತ್ರ. ಎರಡು ಸೀರೆ, ಬಟ್ಟೆ ಬ್ಯಾನರ್, ಊದದ ಬಲೂನು, ಪಂಪು, ಬ್ಯಾಟರಿಯ ಲೈಟು, ದಾರ, ಕತ್ತರಿ, ಕ್ಲಿಪ್ಪು. ಒಂದು ಬ್ಯಾಗಿನಲ್ಲಿ ಎಲ್ಲ ಹಿಡಿಯುತ್ತದೆ. ತೋಟದ ಮನೆಗಳಲ್ಲಿ ಕರೆಂಟು ಹೋಗುವುದು ಮಾಮೂಲು, ಅದಕ್ಕೇ ಬ್ಯಾಟರಿ ಲೈಟು. ಹೊರಗೆ ಅಂಗಳದಲ್ಲಿ ಗಾಳಿಗೆ ಫಾಯಿಲ್ ಪರದೆ ಸಿಕ್ಕು ಸಿಕ್ಕಾಗುತ್ತದೆ, ಒಳಗೆ ಜಗಲಿಯಲ್ಲೇ ಮಾಡಿ. ಹಿಂದಿನ ದಿನವೇ ಫೋನ್ ಮಾಡಿ ಮೂರು ವಿಷಯ ಕೇಳಿ: ಮೊಳೆ ಇದೆಯಾ, ಟೇಪ್ ಹಚ್ಚಬಹುದಾ, ಚೂರು ಕಾಗದ ಎರಚಿದರೆ ಬೇರೆ ದುಡ್ಡು ಕೇಳುತ್ತಾರಾ. ಮಿನುಗುವ ಚೂರುಗಳನ್ನು ತೋಟದಲ್ಲಿ ಎರಚಬೇಡಿ, ಮಣ್ಣಿನಿಂದ ಹೆಕ್ಕಲು ಆಗುವುದಿಲ್ಲ.

ನಾನು ಇಂಗ್ಲೆಂಡಿನಲ್ಲಿದ್ದೀನಿ. ಆಫೀಸಿನ ಗೆಳತಿಯ ಹೆನ್ ಪಾರ್ಟಿ ಹೊಣೆ ನನಗೆ ಬಿದ್ದಿದೆ. ಇಲ್ಲಿನ ಪದ್ಧತಿ ಏನು?

ಬ್ರೈಡ್ ಟು ಬಿ ಪಾರ್ಟಿಗೇ ಅಲ್ಲಿ ಹೆನ್ ಪಾರ್ಟಿ ಅನ್ನುತ್ತಾರೆ. ಸ್ಯಾಶ್, ವೇಲ್ ಜೊತೆಗೆ ಕೆಂಪು ‘ಎಲ್’ ಬೋರ್ಡು ಹಳೆಯ ಸಂಪ್ರದಾಯ. ಡ್ರೈವಿಂಗ್ ಕಲಿಯುವವರ ಬೋರ್ಡನ್ನೇ ಮದುಮಗಳ ಬೆನ್ನಿಗೆ ಸಿಕ್ಕಿಸುತ್ತಾರೆ. ಮದುಮಗಳ ಖರ್ಚನ್ನು ಉಳಿದವರು ಹಂಚಿಕೊಳ್ಳುವುದು ಅಲ್ಲೂ ವಾಡಿಕೆ. ಕಡಿಮೆ ಬೆಲೆಗೆ ಪೌಂಡ್‌ಲ್ಯಾಂಡ್, ಪ್ರೈಮಾರ್ಕ್ ಅಂಗಡಿಗಳನ್ನು ನೋಡಿ. ಒಂದೇ ಸಲ ಬಳಸಿದ ಹೆನ್ ಪಾರ್ಟಿ ಸಾಮಾನನ್ನು ಜನ ವಿಂಟೆಡ್ ಅನ್ನುವ ಆ್ಯಪಿನಲ್ಲಿ ಮಾರುತ್ತಾರೆ. ನಿಮ್ಮ ಕಡೆಯಿಂದ ಏನಾದರೂ ಸೇರಿಸಬೇಕು ಅನ್ನಿಸಿದರೆ ಲಂಡನ್ನಿನ ಸೌತಾಲ್‌ನಲ್ಲೋ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯಲ್ಲೋ ಬಳೆ ಸಿಗುತ್ತವೆ. ಮೆಹೆಂದಿ ಹಾಕಲು ಬರುತ್ತಿದ್ದರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಡೆಕೋರೇಟರ್ ಕರೆಸೋದು ಯಾವಾಗ ಸರಿ?

ಮೂವತ್ತಕ್ಕಿಂತ ಹೆಚ್ಚು ಜನ, ಬಾಡಿಗೆ ಹಾಲ್, ಒಂದೆರಡು ಗಂಟೆಯಲ್ಲಿ ಎಲ್ಲ ಸಿದ್ಧವಾಗಬೇಕು ಅಂದರೆ ಕರೆಸಿ. ಬಲೂನಿನ ಸಂಖ್ಯೆ, ಬಂದು ಹೋಗುವ ಖರ್ಚು, ಬಿಚ್ಚಿಕೊಂಡು ಹೋಗುವವರು ಯಾರು ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ಮನೆಯಲ್ಲಿ ಹತ್ತು ಹದಿನೈದು ಜನರಿಗೆ ಅದರ ಅಗತ್ಯವಿಲ್ಲ.

ಪಾರ್ಟಿ ಮುಗಿದ ಮೇಲೆ ಇಷ್ಟೊಂದು ಸಾಮಾನು ಏನು ಮಾಡೋದು?

ಅವತ್ತೇ ಬಿಚ್ಚಿ, ಮರುದಿನಕ್ಕೆ ಬಿಟ್ಟರೆ ಎಲ್ಲ ಮುದ್ದೆಯಾಗುತ್ತದೆ. ಫಾಯಿಲ್ ಪರದೆಯನ್ನು ಕಂಬಿಯಿಂದ ತೆಗೆಯುವ ಮುಂಚೆಯೇ ಜಡೆಯ ಹಾಗೆ ಸಡಿಲವಾಗಿ ಹೆಣೆದುಬಿಡಿ, ಮುಂದಿನ ಸಲ ಸಿಕ್ಕಾಗುವುದಿಲ್ಲ. ಫಾಯಿಲ್ ಬಲೂನಿನ ಬಾಯಿಗೆ ಕಾಗದದ ಸ್ಟ್ರಾ ತೂರಿಸಿದರೆ ಗಾಳಿ ಹೊರಗೆ ಬರುತ್ತದೆ, ಮಡಿಸಿಟ್ಟು ಮತ್ತೆ ಬಳಸಬಹುದು. ರಬ್ಬರ್ ಬಲೂನು ಒಡೆದು ಒಣ ಕಸಕ್ಕೆ. ಹೂವು ಹಸಿ ಕಸಕ್ಕೆ, ಅಥವಾ ಗಿಡದ ಬುಡಕ್ಕೆ. ಲೈಟು, ಪಂಪು, ಕ್ಲಿಪ್ಪು, ಬಟ್ಟೆ ಬ್ಯಾನರನ್ನು ಒಂದು ಚೀಲಕ್ಕೆ ಹಾಕಿ, ಗುಂಪಿನಲ್ಲಿ ಮುಂದೆ ಯಾರ ಮದುವೆಯೋ ಅವರ ಗೆಳತಿಯ ಕೈಗೆ ಕೊಟ್ಟುಬಿಡಿ. ಬ್ಯಾನರಿನಲ್ಲಿ ಹೆಸರು ಹಾಕಿಸದೆ ಇದ್ದರೆ ಅವರು ಹೂವು, ಬಲೂನು, ಬಳೆ ಮಾತ್ರ ಕೊಂಡರೆ ಸಾಕು.